ಒಂದೇ ಉಸಿರಿಗೆ 1,031 ಕೊಳಲು

ಬಿದಿರನ್ನು ಕಡಿದು ಕಡಲ ದಂಡೆಯ ಮರಳಿನಲ್ಲಿ ಹೂತಿಟ್ಟರು. ತಿಂಗಳುಗಟ್ಟಲೆ ಅದು ಅಲ್ಲೇ ಇತ್ತು. ಮರಳು ಸರಿಸಿ ತೆಗೆದಾಗ ಕುಟ್ಟೆ ಹಿಡಿದದ್ದನ್ನೆಲ್ಲ ಪಕ್ಕಕ್ಕೆ ಹಾಕಿ, ಹುಳು ಮುಟ್ಟದೆ ಉಳಿದದ್ದನ್ನಷ್ಟೇ ಕೆಲಸಕ್ಕೆ ಆರಿಸಿಕೊಂಡರು. ನಮ್ಮಲ್ಲೂ ಬಿದಿರನ್ನು ಅಮಾವಾಸ್ಯೆ ನೋಡಿ ಕಡಿಯುವ, ಕೆರೆಯ ನೀರಲ್ಲಿ ಮುಳುಗಿಸಿಡುವ ರೂಢಿ ಇದೆಯಲ್ಲ, ಉದ್ದೇಶ ಅದೇ: ಬಿದಿರಿನೊಳಗಿನ ಪಿಷ್ಟ ಕರಗಿಹೋದರೆ ಹುಳುವಿಗೆ ತಿನ್ನಲು ಏನೂ ಉಳಿಯುವುದಿಲ್ಲ. ಆದರೆ ಮರಳಿನಿಂದ ಎದ್ದ ಈ ಬಿದಿರು ಚಪ್ಪರಕ್ಕೂ ಹೋಗಲಿಲ್ಲ, ಏಣಿಗೂ ಹೋಗಲಿಲ್ಲ. ಚರ್ಚಿನ ಆರ್ಗನ್ ಆಯಿತು.

ಇದು ನಡೆದದ್ದು ಫಿಲಿಪ್ಪೀನ್ಸಿನಲ್ಲಿ, ಮನಿಲಾದ ದಕ್ಷಿಣಕ್ಕಿರುವ ಲಾಸ್ ಪಿನ್ಯಾಸ್ ಎಂಬ ಊರಲ್ಲಿ. ಸ್ಪೇನಿನಿಂದ ಬಂದಿದ್ದ ದಿಯೆಗೊ ಸೆರಾ ಎಂಬ ಪಾದ್ರಿ ಅಲ್ಲಿ ಕಲ್ಲಿನ ಚರ್ಚು ಕಟ್ಟಿಸಿದರು, 1816ರಲ್ಲಿ ಆರ್ಗನ್ ಕೆಲಸಕ್ಕೂ ಕೈ ಹಾಕಿದರು. ಅದು ಪೂರ್ತಿಯಾದದ್ದು 1824ರಲ್ಲಿ. ಅದರಲ್ಲಿ 1,031 ಕೊಳವೆಗಳಿವೆ. ಅವುಗಳಲ್ಲಿ 902 ಬಿದಿರಿನವು. ಉಳಿದ 129 ಲೋಹದವು, ತುತ್ತೂರಿಯ ದನಿಯವು. ಇಂದಿಗೂ ಅದು ನುಡಿಯುತ್ತದೆ.

ಆರ್ಗನ್ ಎಂದ ಕೂಡಲೇ ನಮಗೆ ನೆನಪಾಗುವುದು ಮದುವೆ ಆರ್ಕೆಸ್ಟ್ರಾದ ಎಲೆಕ್ಟ್ರಾನಿಕ್ ಕೀಬೋರ್ಡು. ಸ್ವಲ್ಪ ಹಿರಿಯರಿಗಾದರೆ ನಾಟಕ ಕಂಪನಿಯ ಪೇಟಿ ಮಾಸ್ತರರು ಕಾಲಲ್ಲಿ ತಿದಿ ತುಳಿಯುತ್ತ ನುಡಿಸುತ್ತಿದ್ದ ಲೆಗ್ ಹಾರ್ಮೋನಿಯಂ. ಹಾರ್ಮೋನಿಯಂ ಯುರೋಪಿನಿಂದ ಬಂದದ್ದು ನಿಜ, ಗಾಳಿಯಿಂದಲೇ ನುಡಿಯುವುದೂ ನಿಜ. ಆದರೆ ಅದರೊಳಗೆ ಕೊಳವೆ ಇಲ್ಲ. ಸ್ವರಕ್ಕೊಂದು ಹಿತ್ತಾಳೆಯ ನಾಲಿಗೆ ಗಾಳಿಗೆ ಅದುರುತ್ತದೆ, ಅಷ್ಟೆ. ಅದಕ್ಕೇ ಇಡೀ ವಾದ್ಯವನ್ನು ಮಡಿಲಲ್ಲಿಟ್ಟುಕೊಳ್ಳಬಹುದು. ಪೈಪ್ ಆರ್ಗನ್ ಹಾಗಲ್ಲ. ಅಲ್ಲಿ ಪ್ರತಿ ಸ್ವರಕ್ಕೂ ಒಂದು ಕೊಳಲು ಬೇಕು, ಅದೇ ಸ್ವರ ಇನ್ನೊಂದು ಬಣ್ಣದಲ್ಲಿ ಕೇಳಬೇಕೆಂದರೆ ಇನ್ನೊಂದು ಕೊಳಲು ಬೇಕು. ಲೆಕ್ಕ ಸಾವಿರ ದಾಟುವುದು ಹೀಗೆ. ಪೆನ್ಸಿಲ್ಲಿಗಿಂತ ಚಿಕ್ಕ ಕೊಳವೆಯಿಂದ ಹಿಡಿದು ಎರಡಂತಸ್ತಿನ ಮನೆಯಷ್ಟು ಎತ್ತರದ ಕೊಳವೆಯವರೆಗೆ ಒಂದೇ ವಾದ್ಯದೊಳಗೆ ನಿಂತಿರುತ್ತವೆ.

ಚಿಕ್ಕಂದಿನಲ್ಲಿ ಅಜ್ಜಿಯ ಮನೆಯ ಬಚ್ಚಲ ಒಲೆಯ ಮುಂದೆ ಕೂತು ಊದುಗೊಳವೆಯೊಂದಿಗೆ ಆಡಿದ ಆಟ ನನಗೆ ಈ ವಾದ್ಯವನ್ನು ಅರ್ಥ ಮಾಡಿಸಿತು. ಬೆಂಕಿ ಊದುವ ಬದಲು ಕೊಳವೆಯ ಅಂಚಿಗೆ ಅಡ್ಡಲಾಗಿ ಊದಿದರೆ ಒಂದು ದನಿ ಬರುತ್ತಿತ್ತು. ಇನ್ನೊಂದು ತುದಿಯನ್ನು ಅಂಗೈಯಿಂದ ಮುಚ್ಚಿದರೆ ಅದೇ ಕೊಳವೆ ಇದ್ದಕ್ಕಿದ್ದಂತೆ ದಪ್ಪ ದನಿಯಲ್ಲಿ ಗುಂಯ್‌ಗುಡುತ್ತಿತ್ತು. ಮೇಲಿನ ಷಡ್ಜದಿಂದ ಕೆಳಗಿನ ಷಡ್ಜಕ್ಕೆ ಇಳಿದಂತೆ. ಎರಡೂ ಕಡೆ ತೆರೆದ ಕೊಳವೆಗಿಂತ ಒಂದು ಕಡೆ ಮುಚ್ಚಿದ ಕೊಳವೆ ಒಂದು ಸ್ಥಾಯಿ ಕೆಳಗೆ ನುಡಿಯುತ್ತದೆ ಎಂಬ ಈ ಸಂಗತಿಯನ್ನು ಆರ್ಗನ್ ಕಟ್ಟುವವರು ಶತಮಾನಗಳಿಂದ ಬಳಸುತ್ತಿದ್ದಾರೆ. ಚರ್ಚಿನ ಸೂರು ತಗ್ಗಾಗಿದ್ದು 16 ಅಡಿಯ ಕೊಳವೆ ನಿಲ್ಲಿಸಲು ಜಾಗವಿಲ್ಲವೆಂದರೆ 8 ಅಡಿಯದಕ್ಕೆ ಮುಚ್ಚಳ ಹಾಕುತ್ತಾರೆ. ಸ್ವರ ಅದೇ ಸಿಗುತ್ತದೆ. ದನಿಯ ಬಣ್ಣ ಮಾತ್ರ ಬದಲಾಗುತ್ತದೆ: ಮುಚ್ಚಿದ ಕೊಳವೆಯಲ್ಲಿ ಉಪಸ್ವರಗಳು ಒಂದು ಬಿಟ್ಟು ಒಂದು ಮಾಯವಾಗುವುದರಿಂದ ದನಿ ಪೊಳ್ಳಾಗಿ, ಮೃದುವಾಗಿ ಕೇಳುತ್ತದೆ.

ಈಗ ನಮ್ಮ ಕೊಳಲುವಾದಕರನ್ನು ನೆನೆಯಿರಿ. ಕೈಯಲ್ಲಿರುವುದು ಆರೇಳು ತೂತಿನ ಬಿದಿರು. ಆದರೆ ತುಟಿ ಒಂದು ಎಳೆಯಷ್ಟು ಓರೆಯಾದರೆ ಸ್ವರ ಬಾಗುತ್ತದೆ. ಉಸಿರು ತೆಳುವಾದರೆ ದನಿ ಪಿಸುಗುಡುತ್ತದೆ, ಗಟ್ಟಿಯಾದರೆ ಮೇಲಿನ ಸ್ಥಾಯಿಗೆ ಹಾರುತ್ತದೆ. ಕೊಳಲಿನ ಸಂಗೀತವೆಲ್ಲ ಆ ತುಟಿಯಲ್ಲಿದೆ, ಆ ಉಸಿರಿನಲ್ಲಿದೆ. ಆರ್ಗನ್ ನುಡಿಸುವವನಿಗೆ ಇದು ಯಾವುದೂ ಇಲ್ಲ. ಅವನು ಕೀ ಒತ್ತಿದರೆ ಗಾಳಿಯ ಬಾಗಿಲು ತೆರೆಯುತ್ತದೆ, ಬಿಟ್ಟರೆ ಮುಚ್ಚುತ್ತದೆ. ತುಟಿ ಎಷ್ಟು ಓರೆ, ಉಸಿರು ಎಷ್ಟು ಗಟ್ಟಿ, ಸ್ವರ ಸಿಡಿದು ಹುಟ್ಟಬೇಕೋ ಜಾರಿ ಹುಟ್ಟಬೇಕೋ, ಇದನ್ನೆಲ್ಲ ವಾದ್ಯ ಕಟ್ಟಿದವನು ಒಂದೊಂದು ಕೊಳವೆಗೂ ಮೊದಲೇ ತೀರ್ಮಾನಿಸಿ ಅದರ ಬಾಯಲ್ಲಿ ಕೆತ್ತಿಟ್ಟಿರುತ್ತಾನೆ. ನೂರಾರು ವರ್ಷಗಳ ಕಾಲ ಯಾರು ಬಂದು ನುಡಿಸಿದರೂ ಊದುವ ತುಟಿ ಆ ಕುಶಲಕರ್ಮಿಯದೇ. ಆರ್ಗನ್ ಬಗ್ಗೆ ನನ್ನನ್ನು ಹಿಡಿದಿಟ್ಟಿರುವುದು ಇದು. ಅದರ ಗಾತ್ರವಲ್ಲ, ಕೊಳವೆಗಳ ಎಣಿಕೆಯೂ ಅಲ್ಲ.

ಮೊದಲು ಉಸಿರು. ಕ್ರಿಸ್ತಪೂರ್ವ ಮೂರನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಟೆಸಿಬಿಯಸ್ ಎಂಬ ತಂತ್ರಜ್ಞ ಕಂಡುಕೊಂಡದ್ದು ಇದರ ಉಪಾಯವನ್ನೇ. ಪಂಪಿನಿಂದ ಬರುವ ಗಾಳಿ ಒಮ್ಮೆ ಜೋರು, ಒಮ್ಮೆ ಮೆಲು. ಅದನ್ನು ನೇರ ಕೊಳವೆಗೆ ಬಿಟ್ಟರೆ ಸ್ವರ ತೂಗಾಡುತ್ತದೆ. ಅವನು ಗಾಳಿಯನ್ನು ನೀರಿನಲ್ಲಿ ಕವುಚಿಟ್ಟ ಪಾತ್ರೆಯೊಳಗೆ ತುಂಬಿಸಿದ. ಸುತ್ತಲಿನ ನೀರಿನ ಭಾರ ಗಾಳಿಯನ್ನು ಒಂದೇ ಸಮನೆ ಒತ್ತಿತು. ರೋಮನ್ನರ ಕಾಲಕ್ಕೆ ಈ ವಾದ್ಯ ಅಖಾಡಗಳಲ್ಲಿ ಮೊಳಗುತ್ತಿತ್ತು. ಈಗಿನ ಬುಡಾಪೆಸ್ಟ್ ಇರುವಲ್ಲಿದ್ದ ಅಕ್ವಿಂಕಮ್ ಎಂಬ ರೋಮನ್ ಊರಿನ ಅವಶೇಷಗಳಲ್ಲಿ 1931ರಲ್ಲಿ ಒಂದು ಪುಟ್ಟ ಆರ್ಗನ್ ಸಿಕ್ಕಿತು. ಅದರ ಕಂಚಿನ ಫಲಕದ ಬರಹ ಕ್ರಿ.ಶ. 228ನೇ ವರ್ಷವನ್ನು ಹೇಳುತ್ತದೆ. 757ರಲ್ಲಿ ಬೈಜಾಂಟಿಯಮ್ಮಿನ ಚಕ್ರವರ್ತಿ ಫ್ರಾಂಕರ ರಾಜ ಪಿಪಿನ್‌ಗೆ ಆರ್ಗನ್ ಒಂದನ್ನು ಉಡುಗೊರೆಯಾಗಿ ಕಳಿಸಿದ. ಅರಮನೆಯ, ಅಖಾಡದ ವಾದ್ಯ ಪಶ್ಚಿಮ ಯುರೋಪಿನ ಚರ್ಚಿನೊಳಗೆ ಕಾಲಿಟ್ಟದ್ದು ಆಮೇಲಿನ ಶತಮಾನಗಳಲ್ಲಿ.

ನೀರಿನ ಜಾಗಕ್ಕೆ ನಂತರ ತಿದಿ ಬಂತು. ಕಮ್ಮಾರನ ಕುಲುಮೆಯ ತಿದಿಯ ಹಾಗೆಯೇ, ಮರದ ಹಲಗೆ, ಕುರಿಯ ಚರ್ಮ. ಮೇಲೆ ಭಾರದ ಕಲ್ಲು. ತಿದಿ ತುಳಿಯಲೆಂದೇ ಆಳುಗಳಿರುತ್ತಿದ್ದರು. ಗಾಳಿ ತುಂಬಲು ಯಂತ್ರಗಳು ಬರುವತನಕ ದೊಡ್ಡ ಆರ್ಗನ್ನನ್ನು ಒಬ್ಬನೇ ಕೂತು ಅಭ್ಯಾಸ ಮಾಡಲು ಆಗುತ್ತಿರಲಿಲ್ಲ, ಗಾಳಿಗಾಗಿ ಇನ್ನೊಬ್ಬರನ್ನು ಕರೆಯಲೇಬೇಕಿತ್ತು. ಹೊಸ ಆರ್ಗನ್ ಪರೀಕ್ಷಿಸಲು ಯೋಹಾನ್ ಸೆಬಾಸ್ಟಿಯನ್ ಬಾಖ್‌ನನ್ನು ಊರೂರಿಗೆ ಕರೆಸುತ್ತಿದ್ದರು. ಅವನು ಮೊದಲು ಮಾಡುತ್ತಿದ್ದ ಕೆಲಸವೆಂದರೆ ಎಲ್ಲ ಸಾಲಿನ ಕೊಳವೆಗಳಿಗೂ ಒಟ್ಟಿಗೆ ಗಾಳಿ ಬಿಟ್ಟು ತುಂಬು ದನಿಯಲ್ಲಿ ನುಡಿಸುವುದು. ಈ ವಾದ್ಯದ ಶ್ವಾಸಕೋಶ ಗಟ್ಟಿಯಿದೆಯೇ ನೋಡಬೇಕು ಎನ್ನುತ್ತಿದ್ದನೆಂದು ಅವನ ಮಗ ನೆನೆದಿದ್ದಾನೆ. ಇಷ್ಟೆಲ್ಲ ಗುಡುಗುವ ವಾದ್ಯದ ಗಾಳಿಯ ಒತ್ತಡ ಎಷ್ಟೆಂದು ತಿಳಿದಾಗ ನನಗೆ ಬೆರಗಾಗಿತ್ತು. ಅನೇಕ ಹಳೆಯ ಆರ್ಗನ್‌ಗಳಲ್ಲಿ ಅದು 70–80 ಮಿಲಿಮೀಟರ್ ನೀರನ್ನು ಮೇಲೆತ್ತುವಷ್ಟು ಮಾತ್ರ. ನಾಲ್ಕು ಬೆರಳಗಲದ ನೀರು! ಬಲೂನು ಊದುವ ಮಗು ಇದಕ್ಕಿಂತ ಹೆಚ್ಚು ಒತ್ತಡ ಹಾಕುತ್ತದೆ. ಆರ್ಗನ್ನಿಗೆ ಬೇಕಿರುವುದು ಗಾಳಿಯ ರಭಸವಲ್ಲ, ಕದಲದ ಗಾಳಿ, ಧಾರಾಳವಾದ ಗಾಳಿ.

ಆಮೇಲೆ ಅಳತೆ. ಹಾರ್ಮೋನಿಯಂನ ಬಿಳಿ–ಕಪ್ಪು ಮನೆಗಳಂಥದೇ ಕೀಲಿಸಾಲು ಇಲ್ಲೂ ಇದೆ. ಅದರ ಎಡತುದಿಯ ಕೀಗೆ ಸೇರಿದ ತೆರೆದ ಕೊಳವೆ ಸುಮಾರು 8 ಅಡಿ ಉದ್ದ, ಸೆಕೆಂಡಿಗೆ ಸುಮಾರು 65 ಕಂಪನ. ಒಂದೊಂದು ಸ್ಥಾಯಿ ಏರಿದಂತೆ ಉದ್ದ ಅರ್ಧ ಅರ್ಧವಾಗುತ್ತದೆ. ಇಷ್ಟು ಸುಲಭದ ಗಣಿತ. ಕಷ್ಟ ಇರುವುದು ದಪ್ಪದಲ್ಲಿ. ಉದ್ದದ ಜೊತೆಗೆ ಅಡ್ಡಳತೆಯನ್ನೂ ಅರ್ಧ ಮಾಡುತ್ತ ಹೋದರೆ ಮೇಲಿನ ಸ್ವರಗಳು ಕಡ್ಡಿಯಾಗಿ ಕೀರಲಾಗುತ್ತವೆ. ಅಡ್ಡಳತೆ ನಿಧಾನವಾಗಿ ಕಿರಿದಾಗಬೇಕು. ಎಷ್ಟು ನಿಧಾನ? ಹತ್ತೊಂಬತ್ತನೇ ಶತಮಾನದಲ್ಲಿ ಜರ್ಮನಿಯ ಯೋಹಾನ್ ಗಾಟ್ಲೋಬ್ ಟ್ಯೋಪ್ಫರ್ ಹದಿನೇಳನೆಯ ಕೊಳವೆಗೆ ಬರುವಾಗ ಅಡ್ಡಳತೆ ಅರ್ಧವಾಗಲಿ ಎಂಬ ಲೆಕ್ಕ ಕೊಟ್ಟ. ಬಹಳ ಮಂದಿ ಅದನ್ನೇ ಅಳತೆಗೋಲಾಗಿ ಇಟ್ಟುಕೊಂಡರು. ಅದಕ್ಕಿಂತ ದಪ್ಪ ಮಾಡಿದರೆ ದನಿ ಕೊಳಲಿನತ್ತ ವಾಲುತ್ತದೆ, ತೆಳು ಮಾಡಿದರೆ ಪಿಟೀಲಿನತ್ತ. ಆದರೆ ನುರಿತ ಕೈಗಳು ಪಟ್ಟಿಯನ್ನು ಕುರುಡಾಗಿ ನಂಬಿದ್ದಿಲ್ಲ. ಈ ಚರ್ಚಿನ ಗೋಡೆ ಕಲ್ಲಿನದೋ ಮರದ್ದೋ, ಸೂರು ಎಷ್ಟೆತ್ತರ, ಭಾನುವಾರ ಎಷ್ಟು ಜನ ಸೇರುತ್ತಾರೆ, ಅವರ ಬಟ್ಟೆ ಎಷ್ಟು ದನಿ ಹೀರುತ್ತದೆ ಎಂದು ನೋಡಿಯೇ ದಪ್ಪ ನಿರ್ಧರಿಸುತ್ತಿದ್ದರು. ಲಾಸ್ ಪಿನ್ಯಾಸಿನ ಸೆರಾಗೆ ಈ ಸ್ವಾತಂತ್ರ್ಯವೂ ಪೂರ್ತಿ ಇರಲಿಲ್ಲ. ಲೋಹವನ್ನಾದರೆ ಬೇಕಾದ ಅಳತೆಗೆ ಸುತ್ತಬಹುದು. ಬಿದಿರಿನ ಒಳವ್ಯಾಸ ಬಿದಿರು ಕೊಟ್ಟಷ್ಟೇ. ಬೇಕಾದ ಕೊಳವೆಯನ್ನು ಮಾಡುವುದಲ್ಲ, ಮೆಳೆಯಲ್ಲಿ ಹುಡುಕುವುದು. ಅಂಥ 902 ಬಿದಿರು.

ಯುರೋಪಿನ ಕಾರ್ಖಾನೆಗಳಲ್ಲಿ ಕೊಳವೆಯ ಲೋಹ ತವರ ಮತ್ತು ಸೀಸದ ಬೆರಕೆ. ತವರ ನಮಗೆ ಕಲಾಯಿಯವರ ಮೂಲಕ ಪರಿಚಿತ. ಹಿತ್ತಾಳೆ ಪಾತ್ರೆಯ ಒಳಗೆ ಬೆಳ್ಳಗೆ ಹೊಳೆಯುತ್ತಿದ್ದದ್ದು ಅದೇ. ತವರ ಹೆಚ್ಚಾದರೆ ದನಿ ಚುರುಕು, ಸೀಸ ಹೆಚ್ಚಾದರೆ ಗಂಭೀರ ಎನ್ನುತ್ತಾರೆ ಕಟ್ಟುವವರು. ತಗಡು ಎರಕ ಹೊಯ್ಯುವ ಕೆಲಸ ನೋಡಲು ಬಲು ಚೆಂದ. ಹಲವು ಮೀಟರ್ ಉದ್ದದ ಸಮತಟ್ಟಾದ ಮೇಜು, ಮೇಲೆ ಬಿಗಿಯಾಗಿ ಹಾಸಿದ ಬಟ್ಟೆ. ಒಂದು ತುದಿಯಲ್ಲಿ ತಳವಿಲ್ಲದ ಮರದ ಪೆಟ್ಟಿಗೆ. ಕರಗಿದ ಲೋಹವನ್ನು ಸೌಟಿನಿಂದ ಪೆಟ್ಟಿಗೆಗೆ ಸುರಿದು, ಕೆನೆಯಂತೆ ತೇಲುವ ಕಿಟ್ಟ ತೆಗೆದು, ಕಾಯುತ್ತಾರೆ. ಬೆಲ್ಲದ ಪಾಕ ನೋಡುವವರ ಹಾಗೆ ಹದ ನೋಡುತ್ತಾರೆ. ಅಂಚಿನಲ್ಲಿ ಲೋಹ ಹರಳುಗಟ್ಟಲು ಶುರುವಾಗುವ ಗಳಿಗೆಯಲ್ಲಿ ಇಬ್ಬರು ಪೆಟ್ಟಿಗೆ ಹಿಡಿದು ಮೇಜಿನುದ್ದಕ್ಕೂ ಸರಸರನೆ ನಡೆದುಬಿಡುತ್ತಾರೆ. ಹಿಂದೆ ಕನ್ನಡಿಯಂಥ ತಗಡು ಉಳಿಯುತ್ತದೆ. ಕೆಲವೇ ಸೆಕೆಂಡಿನಲ್ಲಿ ಆ ಹೊಳಪು ಅಲೆಯಂತೆ ಮಂಕಾಗುತ್ತ ಹೋಗುತ್ತದೆ. ತವರ ಹೆಚ್ಚುಕಮ್ಮಿ ಅರ್ಧದಷ್ಟಿದ್ದರೆ ಮೈಯೆಲ್ಲ ಚಿರತೆಯ ಮಚ್ಚೆಗಳು ಅರಳುತ್ತವೆ. ಆಮೇಲೆ ಉಜ್ಜಿ ದಪ್ಪ ಸಮ ಮಾಡಿ, ಕತ್ತರಿಸಿ, ಕಂಬಕ್ಕೆ ಸುತ್ತಿ, ಕೂಡಿದ ಅಂಚಿಗೆ ಬೆಸುಗೆ. ಬೆಸುಗೆ ಅಕ್ಕಪಕ್ಕ ಹರಿಯದಂತೆ ಮೊದಲೇ ಸುಣ್ಣದ ಪುಡಿ, ಅಂಟು ಕಲಸಿ ಬಳಿದಿರುತ್ತಾರೆ.

ಈ ತವರವೇ ಶತ್ರುವೂ ಆಯಿತು. ಹ್ಯಾಂಬರ್ಗಿನ ಸೇಂಟ್ ಜಾಕೋಬಿ ಚರ್ಚಿನಲ್ಲಿ ಆರ್ಪ್ ಶ್ನಿಟ್ಗರ್ 1693ರಲ್ಲಿ ಮುಗಿಸಿದ ಆರ್ಗನ್ನಿನಲ್ಲಿ ಸುಮಾರು 4,000 ಕೊಳವೆಗಳಿವೆ. ಅವನು ತನಗಿಂತ ಹಿಂದಿನವರ ಒಳ್ಳೆಯ ಕೊಳವೆಗಳನ್ನು ಎಸೆಯದೆ ಹೊಸ ವಾದ್ಯದಲ್ಲಿ ಸೇರಿಸಿಕೊಂಡಿದ್ದ. 1917ರಲ್ಲಿ, ಮೊದಲ ಮಹಾಯುದ್ಧದ ಹೊತ್ತಿಗೆ, ಸೇನೆಗೆ ತವರ ಬೇಕಾಯಿತು. ಮುಂಭಾಗದಲ್ಲಿ ಹೊಳೆಯುತ್ತಿದ್ದ ಕೊಳವೆಗಳನ್ನು ಕಿತ್ತು ಕರಗಿಸಿದರು. ಎರಡನೇ ಯುದ್ಧದಲ್ಲಿ ಚರ್ಚೇ ಸುಟ್ಟುಹೋಯಿತು. ಅದಕ್ಕೆ ಮುನ್ನ ಒಳಗಿನ ಕೊಳವೆಗಳನ್ನು ಬಿಚ್ಚಿ ಬೇರೆಡೆ ಸಾಗಿಸಿದ್ದರಿಂದ ಅವು ಉಳಿದವು. ಯೂರ್ಗನ್ ಆರೆಂಡ್ ಎಂಬ ಕುಶಲಕರ್ಮಿ ಎಲ್ಲವನ್ನೂ ಮತ್ತೆ ಜೋಡಿಸಿ, ಕಳೆದುಹೋದ ಮುಂಭಾಗದ ಕೊಳವೆಗಳನ್ನು ಹೊಸದಾಗಿ ಮಾಡಿ ಮುಗಿಸಿದ್ದು 1993ರಲ್ಲಿ, ವಾದ್ಯಕ್ಕೆ ಸರಿಯಾಗಿ ಮುನ್ನೂರು ತುಂಬಿದಾಗ.

ಕೊಳವೆಗಳೆಲ್ಲ ನಿಲ್ಲುವುದು ಗಾಳಿಪೆಟ್ಟಿಗೆಯ ಮೇಲೆ. ಬಡಗಿಯ ಕೌಶಲದ ಪರಮಾವಧಿ ಇಲ್ಲಿದೆ. ಒಂದು ಕೀಗೆ ಸೇರಿದ ಎಲ್ಲ ಕೊಳವೆಗಳ ಕೆಳಗೆ ಒಂದು ಕಾಲುವೆ. ಅದರ ಬಾಯಿಗೆ ಚರ್ಮ ಹೊದಿಸಿದ ಪುಟ್ಟ ಕದ. ಕೀ ಒತ್ತಿದರೆ ತೆಳುವಾದ ಮರದ ಪಟ್ಟಿಗಳು ಎಳೆದು ಆ ಕದ ತೆರೆಯುತ್ತವೆ. ಅಡ್ಡಡ್ಡಲಾಗಿ, ಒಂದೇ ಬಣ್ಣದ ದನಿಯ ಕೊಳವೆಗಳ ಸಾಲಿನ ಕೆಳಗೆ ತೂತುಗಳಿರುವ ಉದ್ದನೆಯ ಹಲಗೆ. ಸ್ಟಾಪ್ ಎಂಬ ಗುಂಡಿಯನ್ನು ಎಳೆದರೆ ಹಲಗೆ ಜಾರಿ ತೂತಿಗೆ ತೂತು ಕೂಡುತ್ತದೆ. ಕಾಲುವೆಯ ಕದವೂ ತೆರೆದು ಹಲಗೆಯ ತೂತೂ ಕೂಡಿದ ಕೊಳವೆ ಮಾತ್ರ ನುಡಿಯುತ್ತದೆ, ಮಗ್ಗದಲ್ಲಿ ಹಾಸು ಹೊಕ್ಕು ಸೇರಿದ ಜಾಗದಲ್ಲಿ ವಿನ್ಯಾಸ ಮೂಡಿದ ಹಾಗೆ. ಹಲಗೆ ಮಳೆಗಾಲಕ್ಕೆ ಉಬ್ಬಿದರೆ ಜಾರದು, ಬೇಸಿಗೆಗೆ ಸೊರಗಿದರೆ ಗಾಳಿ ಸೋರಿ ಪಕ್ಕದ ಕೊಳವೆ ಗೊಣಗುತ್ತದೆ. ಫ್ರಾನ್ಸಿನ ಸನ್ಯಾಸಿ ದಾಂ ಬೆದೋ 1766ರಿಂದ 1778ರವರೆಗೆ ಹೊರತಂದ ಮಹಾಗ್ರಂಥದಲ್ಲಿ ಈ ಪೆಟ್ಟಿಗೆಯ ಒಂದೊಂದು ಕೀಲನ್ನೂ ಚಿತ್ರ ಸಹಿತ ಬರೆದಿಟ್ಟಿದ್ದಾರೆ. ಆರ್ಗನ್ ಕಟ್ಟುವವರು ಈಗಲೂ ಅದನ್ನು ತೆರೆದು ನೋಡುತ್ತಾರೆ.

ಇಷ್ಟಾದರೂ ವಾದ್ಯ ಇನ್ನೂ ಮೂಕ. ಹೊಸ ಕೊಳವೆಗೆ ಗಾಳಿ ಬಿಟ್ಟರೆ ಅದು ಉಸ್ಸೆನ್ನುತ್ತದೆ, ಇಲ್ಲವೇ ಚೀರುತ್ತದೆ. ಅದಕ್ಕೆ ದನಿ ಕೂಡಿಸುವವನ ಮೇಜಿನ ಮೇಲೆ ದೊಡ್ಡ ಉಪಕರಣ ಯಾವುದೂ ಇರುವುದಿಲ್ಲ: ತೆಳುವಾದ ಚೂರಿ, ಚಿಕ್ಕ ಸುತ್ತಿಗೆ, ಒಂದೆರಡು ಕಡ್ಡಿ. ಕೊಳವೆಯ ಬುಡದಲ್ಲಿ ಒಂದು ಬಾಯಿ. ಅದಕ್ಕೆ ಮೇಲ್ದುಟಿ, ಕೆಳದುಟಿ. ಇವು ಈ ಕಸುಬಿನವರೇ ಬಳಸುವ ಮಾತು. ಕೆಳದುಟಿಗೂ ಒಳಗಿನ ಅಡ್ಡತಟ್ಟೆಗೂ ನಡುವೆ ಕಾಗದ ತೂರುವಷ್ಟು ಸಂದಿ. ಗಾಳಿ ಅದರಿಂದ ತೆಳುವಾದ ಹಾಳೆಯಾಗಿ ಹೊರಟು ಮೇಲ್ದುಟಿಗೆ ಬಡಿದು ಒಳಗೂ ಹೊರಗೂ ತೂಗಾಡುತ್ತದೆ. ಆ ತೂಗಾಟವೇ ಸ್ವರ. ಅಡ್ಡತಟ್ಟೆಯನ್ನು ಕೂದಲೆಳೆಯಷ್ಟು ಎತ್ತಿದರೆ ಸ್ವರ ತಡವಾಗಿ ಹುಟ್ಟುತ್ತದೆ, ತಗ್ಗಿಸಿದರೆ ಬೇಗ. ಅದರ ಅಂಚಿನಲ್ಲಿ ಸಣ್ಣ ಕಚ್ಚುಗಳನ್ನು ಹಾಕಿದರೆ ಹುಟ್ಟುವಾಗಿನ ‘ಚ್’ ಎಂಬ ಸದ್ದು ಅಡಗುತ್ತದೆ. ಪೂರ್ತಿ ಅಡಗಿಸಿದರೆ ದನಿಗೆ ವ್ಯಂಜನವೇ ಇಲ್ಲದಂತಾಗುತ್ತದೆ, ಬರೀ ಸ್ವರಾಕ್ಷರ. ಮೇಲ್ದುಟಿಯನ್ನು ಚೂರಿಯಿಂದ ಹೆರೆದು ಬಾಯಿ ಎತ್ತರಿಸಿದಂತೆ ದನಿ ದುಂಡಾಗುತ್ತದೆ. ಒಂದು ಗೀರು ಹೆಚ್ಚು ಹೆರೆದರೆ ಮುಗಿಯಿತು. ತೆಗೆದ ಲೋಹವನ್ನು ಮತ್ತೆ ಅಂಟಿಸಲಾಗದು. ಅದಕ್ಕೇ ಹೆರೆದು ಕೇಳುತ್ತಾನೆ, ಮತ್ತೆ ಹೆರೆದು ಮತ್ತೆ ಕೇಳುತ್ತಾನೆ.

ತಂಬೂರಿಯ ಕುದುರೆಯ ಮೇಲೆ ತಂತಿಯಡಿ ನೂಲಿನ ಎಳೆ ಸರಿಸುತ್ತ, ಇದ್ದಕ್ಕಿದ್ದಂತೆ ತಂತಿ ಝೇಂಕರಿಸುವ ಜಾಗ ಹುಡುಕುವುದನ್ನು ನೋಡಿದವರಿಗೆ ಈ ಕೆಲಸ ಹೊಸದೆನಿಸದು. ನಾವು ಅದನ್ನು ಜೀವಾಳ ಎನ್ನುತ್ತೇವೆ. ಆರ್ಗನ್ನಿಗೆ ಕೊಳವೆಗೊಂದರಂತೆ ಸಾವಿರಾರು ಜೀವಾಳ. ಅದೂ ಕಾರ್ಖಾನೆಯಲ್ಲಿ ಅರ್ಧವಷ್ಟೇ ಸಿಗುತ್ತದೆ. ವಾದ್ಯ ತನ್ನ ಮನೆಯಲ್ಲಿ ನಿಂತ ಮೇಲೆ, ಆ ಕಲ್ಲಿನ ಗೋಡೆಗಳ ನಡುವೆ, ಒಬ್ಬ ಕೀ ಹಿಡಿದು ಕೂತಿರುವಾಗ ಇನ್ನೊಬ್ಬ ಕೊಳವೆಗಳ ಕಾಡಿನೊಳಗೆ ನಿಂತು ಒಂದೊಂದನ್ನೇ ತಿದ್ದಬೇಕು.

ಪ್ಯಾರಿಸ್ಸಿನ ನೋತ್ರ್ ದಾಮ್‌ನಲ್ಲಿ ಇದು ಈಚೆಗೆ ನಡೆಯಿತು. 2019ರ ಏಪ್ರಿಲ್ 15ರ ಬೆಂಕಿಯಲ್ಲಿ ಸೂರು ಕುಸಿದರೂ ಸುಮಾರು 8,000 ಕೊಳವೆಗಳ ಆರ್ಗನ್ ಉಳಿಯಿತು. ಅರಿಸ್ತೀದ್ ಕವಾಯೆ-ಕೋಲ್ 1868ರಲ್ಲಿ ಪುನರ್ನಿರ್ಮಿಸಿದ ವಾದ್ಯ ಅದು. ಅದಕ್ಕಿಂತ ಹಳೆಯ ಕೊಳವೆಗಳೂ ಅದರೊಳಗಿವೆ. ಬೆಂಕಿ ಮುಟ್ಟಲಿಲ್ಲ, ಆದರೆ ಸೂರಿನ ಸೀಸ ಸುಟ್ಟು ವಿಷದ ಹುಡಿಯಾಗಿ ಎಲ್ಲದರ ಮೇಲೂ ಕೂತಿತ್ತು. 2020ರಲ್ಲಿ ಬಿಚ್ಚಿದರು. ಮುಂದಿನ ವರ್ಷಗಳಲ್ಲಿ ತೊಳೆದು, ಮತ್ತೆ ಜೋಡಿಸಿದರು. ಜೋಡಿಸಿದರೆ ಸಾಲದು, ಗೋಡೆಗಳೆಲ್ಲ ಶುದ್ಧವಾಗಿದ್ದವು, ಕಟ್ಟಡದ ಅನುರಣನ ಬದಲಾಗಿತ್ತು. ಹಗಲೆಲ್ಲ ಕಟ್ಟಡದ ಕೆಲಸದ ಗದ್ದಲ. ಹಾಗಾಗಿ ದನಿ ಕೂಡಿಸುವವರು ತಿಂಗಳುಗಟ್ಟಲೆ ರಾತ್ರಿಪಾಳಿ ಮಾಡಿದರು. ಆ ಖಾಲಿ ಕತ್ತಲಲ್ಲಿ ಒಂದೊಂದೇ ಕೊಳವೆ ನುಡಿದು ನಿಲ್ಲುವುದನ್ನು ಊಹಿಸಿಕೊಂಡರೆ ನನಗೆ ಮೈ ನವಿರೇಳುತ್ತದೆ. 2024ರ ಡಿಸೆಂಬರ್ 7ರಂದು ಚರ್ಚು ಮತ್ತೆ ತೆರೆದಾಗ ಆರ್ಗನ್ ನುಡಿಯಿತು.

ಒಮ್ಮೆ ಶ್ರುತಿ ಮಾಡಿದರೆ ಮುಗಿಯಿತೆಂದಲ್ಲ. ಗಾಳಿ ಬಿಸಿಯಾದರೆ ಅದರಲ್ಲಿ ಶಬ್ದದ ವೇಗ ಹೆಚ್ಚುತ್ತದೆ, ಕೊಳವೆಗಳ ಶ್ರುತಿ ಏರುತ್ತದೆ. ತುತ್ತೂರಿ ದನಿಯ ಕೊಳವೆಗಳಲ್ಲಿ ಮಾತ್ರ ಸ್ವರವನ್ನು ಹೆಚ್ಚಾಗಿ ಆಳುವುದು ಹಿತ್ತಾಳೆಯ ನಾಲಿಗೆ. ಅವು ಹೆಚ್ಚೂಕಮ್ಮಿ ಇದ್ದಲ್ಲೇ ಇರುತ್ತವೆ. ಹತ್ತು ಡಿಗ್ರಿ ಸೆಕೆ ಏರಿದರೆ ಎರಡು ಬಳಗಗಳ ನಡುವಿನ ಬಿರುಕು ಯಾರ ಕಿವಿಗೂ ಕೇಳುತ್ತದೆ. ಕೊಳಲಿನಂಥವು ಸಾವಿರ, ನಾಲಿಗೆಯವು ಕೆಲವು. ಆದ್ದರಿಂದ ಆ ಕೆಲವನ್ನೇ ಸಾವಿರದ ಶ್ರುತಿಗೆ ತರುತ್ತಾರೆ.

ಈ ವಿದ್ಯೆ ಪುಸ್ತಕದಿಂದ ಬರುವುದಲ್ಲ. ಜರ್ಮನಿಯಲ್ಲಿ ಇದಕ್ಕೆ ಮೂರೂವರೆ ವರ್ಷದ ಶಿಷ್ಯವೃತ್ತಿ ಇದೆ. ಅಲ್ಲಿನ ಆರ್ಗನ್ ಕಸುಬನ್ನೂ ಸಂಗೀತವನ್ನೂ ಯುನೆಸ್ಕೊ 2017ರಲ್ಲಿ ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಆಗಿನ ಲೆಕ್ಕದಲ್ಲಿ ಆ ದೇಶದಲ್ಲಿ ಸುಮಾರು 50,000 ಆರ್ಗನ್‌ಗಳು, 400 ಕಾರ್ಖಾನೆಗಳು.

ಅಂಥ ಕಾರ್ಖಾನೆಗಳಲ್ಲೊಂದು ಬಾನ್ ನಗರದ ಕ್ಲಾಯ್ಸ್. ಭೂಕಂಪ, ಬಿರುಗಾಳಿಗಳಿಗೆ ಸಿಕ್ಕು ಬಹುಪಾಲು ಮೂಕವಾಗಿದ್ದ ಲಾಸ್ ಪಿನ್ಯಾಸಿನ ಆರ್ಗನ್ 1973ರಲ್ಲಿ ದುರಸ್ತಿಗೆಂದು ಅಲ್ಲಿಗೆ ಹೋಯಿತು. ಉಷ್ಣವಲಯದ ತೇವದಲ್ಲಿ ಒಂದೂವರೆ ಶತಮಾನ ಬಾಳಿದ ಬಿದಿರು ಯುರೋಪಿನ ಒಣಗಾಳಿಗೆ ಸೀಳಿಬಿಟ್ಟರೆ? ಅದಕ್ಕಾಗಿ ಕ್ಲಾಯ್ಸ್‌ನವರು ಒಂದು ಕೋಣೆಯನ್ನೇ ಬೇರೆ ಮಾಡಿ, ಅದರೊಳಗೆ ಫಿಲಿಪ್ಪೀನ್ಸಿನ ಸೆಕೆಯನ್ನೂ ತೇವವನ್ನೂ ಕಾಯ್ದಿಟ್ಟರು. ಹೊರಗೆ ರೈನ್ ನದಿಯ ದಂಡೆಯ ಚಳಿಗಾಲ, ಒಳಗೆ ಮನಿಲಾ. ಎರಡು ವರ್ಷ ಆ ಬಿದಿರು ಅಲ್ಲೇ ಇತ್ತು. 1975ರಲ್ಲಿ ದನಿ ಪಡೆದು ಊರಿಗೆ ಮರಳಿತು. ಮರುವರ್ಷದಿಂದ ಅದರ ಸುತ್ತ ಸಂಗೀತೋತ್ಸವ ನಡೆಯುತ್ತಿದೆ. ಮುಂದೆ ಫಿಲಿಪ್ಪೀನ್ಸಿನ ಯುವಕರೇ ಯುರೋಪಿಗೆ ಹೋಗಿ ಕಸುಬು ಕಲಿತು ಬಂದರು. ದಿಯೆಗೊ ಸೆರಾ ಹೆಸರನ್ನೇ ಹೊತ್ತ ಅವರ ಕಾರ್ಖಾನೆ ಈಗ ಅಲ್ಲೇ ಇದೆ. ಬಿದಿರಿನ ಆರ್ಗನ್ನಿಗೆ ಏನಾದರೂ ಆದರೆ ಕಡಲು ದಾಟಿಸಬೇಕಿಲ್ಲ. ಅಲ್ಲಿನ ತೇವದಲ್ಲೇ ಬೆಳೆದ ಕಿವಿಯೊಂದು ಬಂದು, ಒಂದು ಕೊಳವೆಯನ್ನು ಎತ್ತಿ, ಬಾಯಿಯ ಧೂಳು ಒರೆಸಿ, ಮತ್ತೆ ಗಾಳಿಗೆ ಇಡುತ್ತದೆ.